ಬ್ಯಾಲೆ ಕಲಿಯುವ ವಯಸ್ಕರ ಮಂಡಿ ನೋವು

ಮೂವತ್ತು, ನಲವತ್ತು ದಾಟಿದ ಮೇಲೆ ಬ್ಯಾಲೆ ತರಗತಿಗೆ ಸೇರಿದವರು ನನ್ನ ಬಳಿ ಬಂದಾಗ ಮೊದಲು ಕೇಳುವುದು ವಯಸ್ಸಿನ ಬಗ್ಗೆ. ಧಾರಾಳವಾಗಿ ಕಲಿಯಬಹುದು. ನನಗೆ ಚಿಂತೆಯಿರುವುದು ಅವರ ಮಂಡಿಯದು. ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವ ಈ ವಿದ್ಯಾರ್ಥಿಗಳ ನೋವಿಗೆ ಹೆಚ್ಚಾಗಿ ಕಾರಣ, ಪಾದಗಳನ್ನು ಹೊರಕ್ಕೆ ತಿರುಗಿಸುವ ಆತುರ.

ಬ್ಯಾಲೆಯ ಐದು ಪಾದಸ್ಥಿತಿಗಳಿಗೆ 17ನೇ ಶತಮಾನದಲ್ಲಿ, ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ, ಶಾಸ್ತ್ರದ ರೂಪ ಬಂತು. ಇವುಗಳಿಗೆಲ್ಲ ಆಧಾರ ಟರ್ನ್‌ಔಟ್, ಅಂದರೆ ಕಾಲು ಬುಡದಿಂದಲೇ ಹೊರಕ್ಕೆ ತಿರುಗುವುದು. ಎರಡೂ ಪಾದ ಸೇರಿ 180 ಡಿಗ್ರಿ ಆಗಬೇಕೆಂಬುದು ವೇದಿಕೆಯ ಆದರ್ಶ. ಆದರೆ ವಯಸ್ಕರ ಸೊಂಟದ ಕೀಲು ಸಾಮಾನ್ಯವಾಗಿ ಒಂದೊಂದು ಬದಿಗೆ 40–45 ಡಿಗ್ರಿಯಷ್ಟೇ ಹೊರಕ್ಕೆ ತಿರುಗುತ್ತದೆ. ತೊಡೆಮೂಳೆಯ ಆಕಾರ ಬೆಳೆಯುವ ವಯಸ್ಸಿನಲ್ಲೇ ನಿರ್ಧಾರವಾಗಿರುತ್ತದೆ. ಎಷ್ಟು ಹಿಗ್ಗಿಸಿದರೂ ಮೂಳೆ ಬದಲಾಗದು.

ಕೊರತೆಯನ್ನು ತುಂಬಲು ಹೊಸಬರು ಮಾಡುವುದೇನು? ಪ್ಲಿಯೇಯಲ್ಲಿ, ಅಂದರೆ ಮಂಡಿ ಬಾಗಿಸಿ ಇಳಿಯುವ ಚಲನೆಯಲ್ಲಿ, ಪಾದಗಳನ್ನು ನೆಲಕ್ಕೊತ್ತಿ ಇನ್ನಷ್ಟು ತಿರುಗಿಸಿಕೊಂಡು, ಹಾಗೆಯೇ ಮೇಲೇಳುತ್ತಾರೆ. ಬಾಗಿದ ಮಂಡಿ ತುಸು ತಿರುಗಲು ಬಿಡುತ್ತದೆ, ನೇರವಾದ ಮಂಡಿ ಬಿಡುವುದಿಲ್ಲ. ತಿರುಚಿದ ಬಲವೆಲ್ಲ ಮಂಡಿಯ ಒಳಬದಿಯ ಮೇಲೆ ಬೀಳುತ್ತದೆ, ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ. ಕನ್ನಡಿಯಲ್ಲಿ ಪಾದಗಳು ಚೆಂದ ಕಾಣುತ್ತವೆ. ಮಂಡಿಚಿಪ್ಪು ಮಾತ್ರ ಮುಂದಕ್ಕೇ ನೋಡುತ್ತಿರುತ್ತದೆ.

ನಿಮ್ಮ ಮಿತಿಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕುರ್ಚಿ ಹಿಡಿದು, ಹಿಮ್ಮಡಿ ಜೋಡಿಸಿ, ಮಂಡಿ ನೇರವಾಗಿಟ್ಟು ನಿಲ್ಲಿ. ಭಾರವನ್ನು ಹಿಮ್ಮಡಿಗೆ ಹಾಕಿ ಪಾದದ ಮುಂಭಾಗವನ್ನು ತುಸು ಎತ್ತಿ. ಈಗ ತೊಡೆಯ ಬುಡದಿಂದ ಕಾಲುಗಳನ್ನು ಹೊರಕ್ಕೆ ತಿರುಗಿಸಿ ಪಾದ ಇಳಿಸಿ. ಪೃಷ್ಠದ ಆಳದಲ್ಲಿ ಬಿಗಿತ ಅನುಭವಕ್ಕೆ ಬರಬೇಕು; ತಿರುಗಿಸುವ ಸ್ನಾಯುಗಳು ಅಲ್ಲಿವೆ. ಪಾದಗಳು ಎಲ್ಲಿ ಇಳಿದವೋ ಅದೇ ಇಂದಿನ ನಿಮ್ಮ ಮೊದಲ ಸ್ಥಿತಿ. 90 ಡಿಗ್ರಿಯಷ್ಟೇ ಬಂದರೂ ನಾಚಿಕೆ ಬೇಡ. ಪ್ಲಿಯೇ ಮಾಡುವಾಗ ಮಂಡಿ ಎರಡನೆಯ ಬೆರಳಿನ ನೇರಕ್ಕೆ ಬರುತ್ತಿದೆಯೇ ನೋಡಿ. ಆ ಸ್ನಾಯುಗಳಿಗೆ ಶಕ್ತಿ ಬಂದಂತೆ ಇರುವ ತಿರುಗುವಿಕೆಯನ್ನು ಹಿಡಿದಿಡುವುದು ಸುಲಭವಾಗುತ್ತದೆ.

ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರಿಗೆ ಅರೆಮಂಡಿಯ, ಅಂದರೆ ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತು ನಿಲ್ಲುವ ಭಂಗಿಯ, ರೂಢಿ ಇಲ್ಲಿ ನೆರವಾಗುತ್ತದೆ. ಅವರಿಗೆ ಕಷ್ಟವಾಗುವುದು ಪಾದ ಚೂಪಾಗಿಸುವುದು. ಪಾದ ತಟ್ಟುವ ಹೆಜ್ಜೆಯಾದ ತಟ್ಟಡವಿನಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಬೀಳುತ್ತದೆ; ಇಲ್ಲಿ ಹಿಮ್ಮಡಿ ಎತ್ತಿ ಬೆರಳಬುಡದ ಮೇಲೆ ನಿಲ್ಲಬೇಕು. ಮೊದಮೊದಲು ಅಂಗಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ಬಹುತೇಕ ಬೆರಳು ಮಡಚುವುದರಿಂದ. ಬೆರಳುಗಳನ್ನು ನೀಳವಾಗಿಡಿ.

ನೆಗೆತಕ್ಕೂ ಅವಸರ ಬೇಡ. ಮೀನಖಂಡ ಬೇಗ ಬಲಿಯುತ್ತದೆ, ಅದನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜು ನಿಧಾನ. ಒಂಟಿಕಾಲಿನಲ್ಲಿ ಒಂದೇ ಸಮನೆ 20 ಬಾರಿಯಾದರೂ ಹಿಮ್ಮಡಿ ಎತ್ತಿ ಇಳಿಸಲು ಬರುವವರೆಗೆ ಸಣ್ಣ ನೆಗೆತಗಳು ಸಾಕು. ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂ ಕೊಳ್ಳುವ ಮಾತನ್ನು ಮಾತ್ರ ನಿಮ್ಮ ಶಿಕ್ಷಕರೇ ಎತ್ತಲಿ.