ಥಾಮಸ್ ಬ್ರೌನ್ ಅವರ ಗ್ರಂಥಸಂಗ್ರಹ: ಹರಾಜುಪಟ್ಟಿಯನ್ನು ಎಷ್ಟು ನಂಬಬೇಕು?

ಹದಿನೇಳನೇ ಶತಮಾನದ ಇಂಗ್ಲಿಷ್ ವೈದ್ಯ, ಲೇಖಕ ಥಾಮಸ್ ಬ್ರೌನ್ ಅವರ ಬದುಕಿನ ಭಾಗ ಬೇಗ ಮುಗಿಯುತ್ತದೆ. ಹುಟ್ಟಿದ್ದು 1605ರಲ್ಲಿ, ಲಂಡನ್ನಿನ ಬಟ್ಟೆ ವ್ಯಾಪಾರಿಯ ಮಗನಾಗಿ. ಆಕ್ಸ್‌ಫರ್ಡ್ ಮುಗಿಸಿ ಮಾಂಪೆಲಿಯೆ, ಪಡುವಾ, ಲೈಡನ್‌ಗಳಲ್ಲಿ ವೈದ್ಯ ಕಲಿತರು. 1633ರಲ್ಲಿ ಲೈಡನ್‌ನಲ್ಲಿ ಎಂ.ಡಿ. 1637ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ಗೆ ಬಂದವರು 1682ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ರೋಗಿಗಳನ್ನು ನೋಡಿಕೊಂಡಿದ್ದರು. ನಾರ್ವಿಚ್ ಇರುವ ನಾರ್ಫಕ್ ಪ್ರಾಂತ್ಯದಲ್ಲಿ ಸಿಕ್ಕ ಚಿತಾಭಸ್ಮದ ಮಡಕೆಗಳ ಬಗ್ಗೆ ಬರೆದ 'ಹೈಡ್ರಿಯೊಟಾಫಿಯಾ' (1658) ಅವರ ಪುರಾತತ್ವಾಸಕ್ತಿಗೆ ಸಾಕ್ಷಿ. ಅವು ರೋಮನ್ನರವು ಎಂದು ಅವರು ನಂಬಿದ್ದರು. ನಂತರದ ವಿದ್ವಾಂಸರ ಪ್ರಕಾರ ಆಂಗ್ಲೋ-ಸ್ಯಾಕ್ಸನ್ನರವು.

ನಾವು ನಿಧಾನಿಸಬೇಕಾದದ್ದು ಪುಸ್ತಕಗಳ ವಿಷಯದಲ್ಲಿ. 1671ರಲ್ಲಿ ಮನೆಗೆ ಬಂದಿದ್ದ, ದಿನಚರಿಗೆ ಹೆಸರಾದ ಲೇಖಕ ಜಾನ್ ಎವೆಲಿನ್, ಪದಕ, ಪುಸ್ತಕ, ಗಿಡ, ಹಕ್ಕಿಮೊಟ್ಟೆಗಳ ಸಂಗ್ರಹವನ್ನು ಕಂಡು ಬೆರಗಾಗಿ ದಿನಚರಿಯಲ್ಲಿ ಬರೆದುಕೊಂಡರು. ಆದರೆ ಯಾವ ಯಾವ ಪುಸ್ತಕಗಳಿದ್ದವು ಎಂಬುದಕ್ಕೆ ಮುಖ್ಯ ಆಧಾರ 1711ರ ಜನವರಿಯಲ್ಲಿ ಲಂಡನ್ನಿನಲ್ಲಿ ನಡೆದ ಹರಾಜಿನ ಅಚ್ಚಾದ ಪಟ್ಟಿ. ಅದರಲ್ಲಿ ಎರಡು ಸಾವಿರಕ್ಕೂ ಮೀರಿದ ನಮೂದುಗಳಿವೆ. ಇದನ್ನು 'ಬ್ರೌನ್ ಓದಿದ ಪುಸ್ತಕಗಳ ಪಟ್ಟಿ' ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋದೀತು.

ಏಕೆಂದರೆ ತಂದೆ ಸತ್ತ ಮೇಲೆ ಪುಸ್ತಕಗಳು ಮಗ ಎಡ್ವರ್ಡ್ ಕೈಗೆ ಬಂದವು. ಎಡ್ವರ್ಡ್ ಸಾಮಾನ್ಯ ಓದುಗರೇನಲ್ಲ: ವೈದ್ಯರು, ಹಂಗೆರಿಯ ಕಡೆಗೆಲ್ಲ ಸುತ್ತಿ ಪ್ರವಾಸಕಥನ ಬರೆದವರು, ಲಂಡನ್ನಿನ ವೈದ್ಯರ ಕಾಲೇಜಿನ ಅಧ್ಯಕ್ಷರಾದವರು. ಎಡ್ವರ್ಡ್ 1708ರಲ್ಲಿ, ಅವರ ಮಗ, ಅಂದರೆ ಬ್ರೌನ್ ಅವರ ಮೊಮ್ಮಗ, 1710ರಲ್ಲಿ ತೀರಿಕೊಂಡ ಮೇಲೆ ಎಲ್ಲವೂ ಒಟ್ಟಿಗೆ ಹರಾಜಿಗೆ ಹೋಯಿತು. 1682ರ ನಂತರ ಅಚ್ಚಾದ ಪುಸ್ತಕಗಳನ್ನು ಬದಿಗಿಡುವುದು ಸುಲಭ. ತೊಡಕಿರುವುದು ಅದಕ್ಕೂ ಹಿಂದಿನವುಗಳಲ್ಲಿ. ಇಬ್ಬರೂ ವೈದ್ಯರಾದ್ದರಿಂದ ವಿಷಯ ನೋಡಿ ಬೇರ್ಪಡಿಸಲಾಗದು. ಅಂಗರಚನಾಶಾಸ್ತ್ರದ ಒಂದು ಗ್ರಂಥವಿದ್ದರೆ ಅದು ಅಪ್ಪನದೋ ಮಗನದೋ? ಮಗನ ಉಪನ್ಯಾಸಗಳಿಗೆ ಬೇಕಾದ ಸಾಮಗ್ರಿಯನ್ನು ಅಪ್ಪನೇ ಪತ್ರದಲ್ಲಿ ಬರೆದು ಕಳಿಸುತ್ತಿದ್ದರು ಎಂಬುದನ್ನು ನೆನೆದರೆ, ಈ ಪ್ರಶ್ನೆಯನ್ನೇ ಸ್ವಲ್ಪ ಸಡಿಲಗೊಳಿಸಬೇಕು ಅನ್ನಿಸುತ್ತದೆ. ಆ ಮನೆಯಲ್ಲಿ ಓದು ಇಬ್ಬರದ್ದೂ ಆಗಿತ್ತು.

ಇನ್ನು ಪುಸ್ತಕಗಳ ಬಗ್ಗೆ ಬ್ರೌನ್ ಅವರೇ ಏನು ಹೇಳಿದ್ದಾರೆ? ಇಲ್ಲಿ ತಮಾಷೆಯಿದೆ. ಅನಧಿಕೃತ ಮುದ್ರಣವೊಂದು ಹೊರಬಿದ್ದ ಮರುವರ್ಷ, 1643ರಲ್ಲಿ, ತಾವೇ ಅಚ್ಚುಹಾಕಿಸಿದ 'ರಿಲಿಜಿಯೊ ಮೆಡಿಸಿ'ಯಲ್ಲಿ, ಇದನ್ನು ಬರೆಯುವಾಗ ಒಂದು ಒಳ್ಳೆಯ ಪುಸ್ತಕವೂ ಹತ್ತಿರವಿರಲಿಲ್ಲ ಎನ್ನುತ್ತಾರೆ. ಲೋಕದಲ್ಲಿ ಪುಸ್ತಕಗಳೇ ಹೆಚ್ಚಾದವು, ಬೈಬಲ್ಲಿನ ರಾಜ ಸೊಲೊಮನ್ನನ ಕಳೆದುಹೋದ ಬರಹಗಳು ಸಿಗುವುದಾದರೆ ವ್ಯಾಟಿಕನ್ ಗ್ರಂಥಾಲಯ ಸುಟ್ಟರೂ ಸಹಿಸಿಕೊಂಡೇನು ಎಂದೂ ಸೇರಿಸುತ್ತಾರೆ. ಸತ್ತ ಮೇಲೆ ಪ್ರಕಟವಾದ 'ಮ್ಯೂಸಿಯಂ ಕ್ಲೌಸಮ್' ಎಂಬ ಕಿರುಬರಹದಲ್ಲಂತೂ ಎಲ್ಲೂ ಕಾಣಸಿಗದ ಪುಸ್ತಕ, ಚಿತ್ರ, ವಸ್ತುಗಳ ಪಟ್ಟಿಯನ್ನೇ ಗಂಭೀರ ಮುಖದಿಂದ ಕೊಟ್ಟಿದ್ದಾರೆ. ಗಡೀಪಾರಾಗಿದ್ದಾಗ ರೋಮನ್ ಕವಿ ಓವಿಡ್ ಅಲ್ಲಿನ ಜನರ ಗೆಟಿಕ್ ಭಾಷೆಯಲ್ಲಿ ಬರೆದ ಕವಿತೆ ಅದರಲ್ಲೊಂದು. ಸೊಲೊಮನ್ನನೂ ಅಲ್ಲಿ ಹಾಜರು.

ಆದ್ದರಿಂದ ನನ್ನ ಸಲಹೆ: ಹರಾಜುಪಟ್ಟಿಯ ಜೊತೆಗೆ 'ಸ್ಯೂಡೊಡಾಕ್ಸಿಯಾ ಎಪಿಡೆಮಿಕಾ'ವನ್ನು (1646) ಇಟ್ಟುಕೊಳ್ಳಿ. ಜನರಲ್ಲಿ ಬೇರೂರಿದ ತಪ್ಪು ನಂಬಿಕೆಗಳನ್ನು ಶೋಧಿಸುವ ಈ ಗ್ರಂಥದ ಮೊದಲ ಭಾಗದಲ್ಲಿ, ಯಾವ ಲೇಖಕರನ್ನು ಎಷ್ಟು ನಂಬಬಹುದೆಂದು ಹೆಸರು ಹಿಡಿದು ತೂಗಿದ್ದಾರೆ. ಭಾರತದ ಬಗ್ಗೆ ಬರೆದ ಪ್ರಾಚೀನ ಗ್ರೀಕ್ ಲೇಖಕ ಕ್ಟೀಸಿಯಸ್‌ನ ಮಾತಿಗೆ ಅಲ್ಲಿ ಬೆಲೆಯಿಲ್ಲ. ರೋಮನ್ ಲೇಖಕ ಪ್ಲಿನಿಯ ಶ್ರಮವನ್ನು ಮೆಚ್ಚುತ್ತಲೇ, ಚಾಲ್ತಿಯಲ್ಲಿರುವ ತಪ್ಪು ನಂಬಿಕೆಗಳಲ್ಲಿ ಅವನ ಗ್ರಂಥದಲ್ಲಿ ಸಿಗದಿರುವುದು ಅಪರೂಪ ಎನ್ನುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಪುಸ್ತಕ ಮನೆಯಲ್ಲಿತ್ತು ಎಂದಷ್ಟೇ ಗೊತ್ತಾಗುತ್ತದೆ. ಇಂಥ ಟೀಕೆ ಸಿಕ್ಕರೆ ಬ್ರೌನ್ ಅದರೊಂದಿಗೆ ಜಗಳಕ್ಕೆ ಕೂತಿದ್ದರು ಎಂದೂ ಗೊತ್ತಾಗುತ್ತದೆ.