ಬೆಳ್ಳಕ್ಕಿಗೆ ಅರ್ಥ ಏನು ಸಾರ್?

ಚೀನಾದ ಮಸಿ ಚಿತ್ರಕ್ಕೆ ಫ್ರೇಮ್ ಹಾಕಿಸಲು ಬರುವವರು ಯಾವ ಗಾಜು, ಎಷ್ಟಾಗುತ್ತೆ ಅಂತ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ‘ಈ ಹಕ್ಕಿಗೆ ಅರ್ಥ ಏನು ಸಾರ್, ಮನೆಗೆ ಒಳ್ಳೇದಾ?’

ಹಕ್ಕಿಯನ್ನಷ್ಟೇ ನೋಡಿ ಹೇಳೋಕಾಗಲ್ಲ ಕಣ್ರೀ. ಪಕ್ಕದ ಗಿಡ ಯಾವುದು ಅಂತ ಮೊದಲು ನೋಡಿ.

ಚೀನೀ ಭಾಷೆಯಲ್ಲಿ ಬೆಳ್ಳಕ್ಕಿ ‘ಲು’. ದಾರಿಯೂ ‘ಲು’. ತಾವರೆಗೆ ‘ಲಿಯೆನ್’ ಅನ್ನುತ್ತಾರೆ, ‘ಒಂದರ ಹಿಂದೊಂದು’ ಅನ್ನುವುದಕ್ಕೂ ಅದೇ ಉಚ್ಚಾರ. ಹಾಗಾಗಿ ತಾವರೆ ಪಕ್ಕ ಒಂಟಿ ಬೆಳ್ಳಕ್ಕಿ ನಿಂತರೆ ‘ದಾರಿಯುದ್ದಕ್ಕೂ ಪರೀಕ್ಷೆ ಮೇಲೆ ಪರೀಕ್ಷೆ ಪಾಸಾಗಲಿ’ ಎಂಬ ಹಾರೈಕೆ, ರಾಜರ ಕಾಲದ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದವರಿಗೆ ಹೇಳಿ ಮಾಡಿಸಿದ್ದು. ಅದೇ ಹಕ್ಕಿ ‘ಫುರೊಂಗ್’ ಎಂಬ ದಾಸವಾಳದ ಜಾತಿಯ ಹೂವಿನ ಜೊತೆ ಬಂದರೆ ಪರೀಕ್ಷೆ ಹೋಗಿ ಸಿರಿ, ವೈಭವದ ಮಾತಾಗುತ್ತದೆ. ನಮ್ಮವರೇ ಯಾರಾದರೂ ‘ಮನೆ ತುಂಬ ಬೆಳ್ಳನೆ ಅಕ್ಕಿ ಇರಲಿ’ ಅಂತ ಬೆಳ್ಳಕ್ಕಿ ಬರೆದುಕೊಟ್ಟರೆ ನಾವು ನಕ್ಕು ಅರ್ಥ ಮಾಡ್ಕೋತೀವಿ ಅಲ್ವಾ? ಚೀನಾದವರಿಗೆ ಅದರಲ್ಲಿ ಅಕ್ಕಿ ಕಾಣಲ್ಲ.

ಮ್ಯಾಗ್‌ಪೈ ಎಂಬ ಕಾಗೆ ಜಾತಿಯ ಕಪ್ಪು-ಬಿಳಿ ಹಕ್ಕಿಯ ಕಥೆಯೂ ಇದೇ. (ನಮ್ಮ ಮಡಿವಾಳ ಹಕ್ಕಿ ಅಲ್ಲ, ಅದು ಬೇರೆ.) ಅದರ ಹೆಸರಲ್ಲೇ ‘ಶಿ’, ಅಂದರೆ ಖುಷಿ, ಇದೆ. ಕೂರುವುದು ‘ಮೇ’ ಎಂಬ ಪ್ಲಮ್ ಜಾತಿಯ ಹೂಮರದ ಕೊಂಬೆ ಮೇಲೆ. ಹುಬ್ಬೂ ‘ಮೇ’. ಖುಷಿ ಹುಬ್ಬಿನ ತುದಿಗೇರಿತು!

ಹಾಗಂತ ಎಲ್ಲ ಚಿತ್ರದಲ್ಲೂ ಹಾರೈಕೆ ಹುಡುಕಬೇಡಿ. ಬಾದಾ ಶಾನ್‌ರೆನ್ (1626–1705) ಎಂಬ ಚಿತ್ರಕಾರ ಚೀನಾ ಆಳಿದ ಮಿಂಗ್ ರಾಜವಂಶದವನು. 1644ರಲ್ಲಿ ಆ ರಾಜ್ಯ ಬಿದ್ದ ಮೇಲೆ ಸನ್ಯಾಸಿಯಾದ. ಅವನ ಹಕ್ಕಿಗಳು ಒಂಟಿ ಕಾಲಲ್ಲಿ ನಿಂತು, ಬಿಳಿಗಣ್ಣು ಮೇಲೆ ತಿರುಗಿಸಿ ದುರುಗುಟ್ಟುತ್ತವೆ. ಅದರ ನಕಲು ತಂದು ‘ಬೆಡ್‌ರೂಮಿಗೆ ಆಗುತ್ತಾ’ ಅಂದವರಿದ್ದಾರೆ. ನಿಮ್ಮಿಷ್ಟ ಅಂದೆ.

ಹೋದ ವರ್ಷ ಒಬ್ಬರು ಫ್ರೇಮ್ ಮೊದಲೇ ಕೊಂಡು ತಂದಿದ್ದರು. ಚಿತ್ರ ಎರಡು ಇಂಚು ಜಾಸ್ತಿ. ‘ಕೆಳಗಿರೋದು ಒಣಗಿದ ಎಲೆ ತಾನೇ, ಕತ್ತರಿಸಿಬಿಡಿ’ ಅಂದರು. ಮಸಿ ಕಮ್ಮಿ ಮಾಡಿ ಒಣ ಕುಂಚದಲ್ಲಿ ಎಳೆದ, ಅಂಚು ಮುದುಡಿದ ಆ ಎಲೆಯೇ ತಾವರೆ! ಮೇಲೆ ಬೆಳ್ಳಕ್ಕಿ. ಪಿಯುಸಿ ಓದುವ ಮಗಳಿಗೆ ಅಂತಲೇ ಕೊಂಡಿದ್ದಂತೆ. ಕತ್ತರಿ ಕೆಳಗಿಟ್ಟು ಎಲ್ಲ ವಿವರಿಸಿದೆ. ಫ್ರೇಮಿನ ದುಡ್ಡು ದಂಡ ಆಯ್ತಲ್ಲ ಅಂತ ಮುಖ ಸಣ್ಣ ಮಾಡಿಕೊಂಡರು. ಅದರಲ್ಲೀಗ ಅವರ ಮನೆಯ ತಿಮ್ಮಪ್ಪ ಇದ್ದಾನೆ.