ಲಕ್ವಾ ಹೊಡೆದಾಗ ನಿಲ್ಲುವ ಮಾತು

ಧಾರವಾಡದಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ಒಂದು ಮುಂಜಾನೆ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತಾಡತೊಡಗಿದರು. ‘ಆ ಬಿತ್ತಿಗಿ ಹಚ್ಚಿ ಕೊಡವಾ, ನಿನ್ನಿ ಮಂಚಲ ಬಂದಿತ್ತಲ್ಲ.’ ರಾಗ ಸರಿ, ವೇಗ ಸರಿ, ಆದರೆ ‘ಬಿತ್ತಿಗಿ’, ‘ಮಂಚಲ’ ಅನ್ನೋ ಶಬ್ದಗಳೇ ಇಲ್ಲ. ಕೈಕಾಲಿನ ಬಲ ಕುಂದಿರಲಿಲ್ಲ. ಹಾಗಾಗಿ ಲಕ್ವಾ ಅಂತ ಯಾರಿಗೂ ಹೊಳೆಯಲಿಲ್ಲ. ಒಬ್ಬರು ‘ಗಾಳಿ ಸೋಕೈತಿ’ ಅಂದರು, ಇನ್ನೊಬ್ಬರು ‘ತಲಿ ಕೆಟ್ಟೈತಿ’ ಅಂದರು. ಆಸ್ಪತ್ರೆಗೆ ಹೋಗುವಾಗ ಮರುದಿನವಾಗಿತ್ತು. ಮೆದುಳಿನ ರಕ್ತನಾಳ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ಮೇಲೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ಹೊತ್ತು ಮೀರಿತ್ತು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೆದುಳಿಗೆ ಪೆಟ್ಟು ಬಿದ್ದು ಭಾಷೆಯೇ ಕೆಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ. ಅಜ್ಜಿಗೆ ಆಗಿದ್ದು ಅದರಲ್ಲೊಂದು ಬಗೆ, ವೆರ್ನಿಕೆ ಅಫೇಸಿಯಾ. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದನ್ನು ವಿವರಿಸಿದ್ದು 1874ರಲ್ಲಿ, ಆಗ ಅವರಿಗೆ ಬರೀ 26 ವರ್ಷ. ಪೆಟ್ಟು ಬೀಳುವುದು ಮೆದುಳಿನ ಎಡಗಡೆ, ಕಿವಿಯ ಮೇಲಿನ ಭಾಗದ ಹಿಂಬದಿಗೆ. ಮಾತು ಹರಿಯುತ್ತದೆ, ಆದರೆ ಬೇರೆಯವರು ಹೇಳಿದ್ದು ತಿಳಿಯುವುದಿಲ್ಲ. ತಾನು ತಪ್ಪು ಮಾತಾಡುತ್ತಿದ್ದೇನೆ ಅನ್ನೋದೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇದಕ್ಕೆ ಉಲ್ಟಾ ಬ್ರೋಕಾ ಅಫೇಸಿಯಾ. ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ‘ಟಾನ್’ ಅನ್ನೋದನ್ನು ಬಿಟ್ಟು ಹೆಚ್ಚೇನೂ ಹೇಳಲಾಗದ ರೋಗಿಯೊಬ್ಬನನ್ನು ನೋಡಿದ್ದರು. ಅವನು ತೀರಿಕೊಂಡ ಮೇಲೆ ಮೆದುಳು ಪರೀಕ್ಷಿಸಿದಾಗ ಎಡಗಡೆ ಮುಂಭಾಗ ಕೆಟ್ಟಿತ್ತು. ಇಂಥವರು ‘ನೀರು... ಬೇಕು’ ಅನ್ನಲೂ ಒದ್ದಾಡುತ್ತಾರೆ. ಆದರೆ ನಾವು ಆಡುವ ಮಾತು ಬಹಳಷ್ಟು ತಿಳಿಯುತ್ತದೆ. ಎದುರಿಗೇ ‘ಪಾಪ, ಇನ್ನ ಏನೂ ತಿಳಿಯಂಗಿಲ್ಲ’ ಅನ್ನುವವರನ್ನು ಕಂಡಿದ್ದೇನೆ. ಅದನ್ನು ಕೇಳಿ ರೋಗಿಯ ಕಣ್ಣು ತುಂಬಿದ್ದನ್ನೂ ಕಂಡಿದ್ದೇನೆ. ಮಾತು ಬಾರದ ಇವರಲ್ಲಿ ಕೆಲವರು ಗೊತ್ತಿರುವ ಭಜನೆಯ ಸಾಲನ್ನು ಹಾಡಿಬಿಡುತ್ತಾರೆ.

ಎರಡೂ ಬಗೆಯವರಿಗೆ ಹೇಳಿಕೊಟ್ಟ ವಾಕ್ಯವನ್ನು ತಿರುಗಿ ಹೇಳುವುದು ಕಷ್ಟ. ಮಾತು ಸರಾಗ, ತಿಳಿವಳಿಕೆಯೂ ಸರಿ, ತಿರುಗಿ ಹೇಳುವಾಗ ಮಾತ್ರ ತಡವರಿಸಿದರೆ ಅದು ಕಂಡಕ್ಷನ್ ಅಫೇಸಿಯಾ. ಎಲ್ಲವೂ ಕೆಟ್ಟಿದ್ದರೆ ಗ್ಲೋಬಲ್ ಅಫೇಸಿಯಾ. ಇನ್ನು ಕೆಲವರಿಗೆ ಹೆಸರಷ್ಟೇ ಸಿಗುವುದಿಲ್ಲ. ಚಾವಿ ತೋರಿಸಿದರೆ ‘ಅದೇ, ಬಾಗಲಾ ತೆಗಿಯೂದು’ ಅನ್ನುತ್ತಾರೆ.

ಡಿಸಾರ್ಥ್ರಿಯಾ ಬೇರೆಯೇ. ಅದರಲ್ಲಿ ಭಾಷೆ ಪೂರ್ತಿ ಸರಿಯಿರುತ್ತದೆ, ನಾಲಿಗೆ, ತುಟಿಗಳಿಗೆ ಬಲ ಇರುವುದಿಲ್ಲ ಅಷ್ಟೇ. ಉಚ್ಚಾರ ತೊದಲಿದರೂ, ಓದುಬರಹ ಬಲ್ಲವರಾದರೆ ಬರೆದು ತೋರಿಸುತ್ತಾರೆ. ಅಫೇಸಿಯಾದಲ್ಲಿ ಸಾಮಾನ್ಯವಾಗಿ ಬರಹವೂ ಕೆಡುತ್ತದೆ. ಶಾಲೆಯನ್ನೇ ಕಾಣದವರಿಗೆ ಈ ಪರೀಕ್ಷೆ ನಡೆಯದು ಅನ್ನೋದನ್ನು ಮರೆಯಬಾರದು.

ಹುಬ್ಬಳ್ಳಿಯಂಥ ಊರಲ್ಲಿ ಇನ್ನೊಂದು ತೊಡಕು ಇದೆ. ಮನೆಯಲ್ಲಿ ಉರ್ದು ಅಥವಾ ಮರಾಠಿ, ಪ್ಯಾಟಿಯಲ್ಲಿ ಕನ್ನಡ ಆಡುವವರು ಬಹಳ. ಲಕ್ವಾ ಆದ ಮೇಲೆ ಎರಡೂ ಭಾಷೆ ಒಂದೇ ಸಮ ಮರಳುತ್ತವೆ ಅಂತಿಲ್ಲ. ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ಮನೆಮಾತು ಯಾವುದು ಅಂತ ಮೊದಲೇ ಹೇಳಿ.

ನಮ್ಮ ಅಜ್ಜಿಯ ಮಗಳು ಈಗ ‘ಚಹಾ ಬೇಕೇನವಾ’ ಅಂತ ಜೋರಾಗಿ ಕೂಗುವುದಿಲ್ಲ. ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಎದುರಿಗೆ ಕೂಡುತ್ತಾಳೆ. ಅಜ್ಜಿ ಕಪ್ಪಿಗೆ ಕೈ ಚಾಚುತ್ತಾರೆ.